ನೆಲದುಂಬಿಗಳು ಗದ್ದೆಯ ಬದುವಿನಲ್ಲೇಕೆ ಹೆಚ್ಚು, ಸೊಪ್ಪಿನಬೆಟ್ಟದಲ್ಲೇಕೆ ಕಡಿಮೆ?

ಕಾನಂಚು
ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರ ತಾಲ್ಲೂಕಿನಲ್ಲಿ ಅಡಿಕೆ ತೋಟ. ತೋಟದ ಕೆಳಗೆ ಭತ್ತದ ಗದ್ದೆಯಿದೆ, ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟವಿದೆ, ಅದರಾಚೆಗೆ ಕಾನು, ಅಂದರೆ ದಟ್ಟ ಕಾಡು. ಮುಂಗಾರು ಹಿಡಿದ ಮೇಲೆ ಮಗಳ ಒತ್ತಾಯಕ್ಕೆ ಪ್ಲಾಸ್ಟಿಕ್ ಲೋಟಗಳನ್ನು ನೆಲಮಟ್ಟಕ್ಕೆ ಹೂತು, ರಾತ್ರಿ ಓಡಾಡುವ ಹುಳುಗಳಲ್ಲಿ ಯಾವುವು ಬೀಳುತ್ತವೆ ಎಂದು ನೋಡತೊಡಗಿದೆವು. ಹೆಚ್ಚಾಗಿ ಸಿಕ್ಕವು ಕಪ್ಪಗೆ ಹೊಳೆಯುವ, ಉದ್ದ ಕಾಲಿನ, ವೇಗವಾಗಿ ಓಡುವ ನೆಲದುಂಬಿಗಳು.

ನನಗೆ ಅರ್ಥವಾಗದ್ದು ಅವುಗಳ ಹಂಚಿಕೆ. ಗದ್ದೆಯ ಬದುವಿನ ಲೋಟಗಳು ಪ್ರತಿ ಬೆಳಿಗ್ಗೆಯೂ ತುಂಬಿರುತ್ತವೆ. ತೋಟದಲ್ಲಿ ಸುಮಾರಾಗಿ ಸಿಗುತ್ತವೆ. ಬೇಸಿಗೆಯಲ್ಲಿ ದರಕು (ಒಣ ತರಗೆಲೆ) ಗುಡಿಸಿ ತಂದ ಬೆಟ್ಟದಲ್ಲಿ ಲೋಟ ಬಹುತೇಕ ಖಾಲಿ; ಅಲ್ಲಿಂದ ಕೂಗಳತೆಯಲ್ಲಿರುವ, ಯಾರೂ ಗುಡಿಸದ ಕಾನಿನ ಅಂಚಿನಲ್ಲಿ ಬದುವಿನಷ್ಟು ಇಲ್ಲದಿದ್ದರೂ ಬಗೆಬಗೆಯವು ಸಿಗುತ್ತವೆ, ಮತ್ತು ಅವು ಗದ್ದೆಯಲ್ಲಿ ಕಾಣುವ ಜಾತಿಗಳಲ್ಲ. ಒಂದೇ ಗುಂಪಿನ ದುಂಬಿಗಳು ಎಲ್ಲೆಡೆ ಅಲೆಯುತ್ತವೆಯೋ ಅಥವಾ ಒಂದೊಂದು ನೆಲಕ್ಕೆ ಒಂದೊಂದು ಜಾತಿ ಕಟ್ಟುಬಿದ್ದಿದೆಯೋ? ಕೇಳಲು ಇನ್ನೊಂದು ಕಾರಣವೂ ಇದೆ. ಪಕ್ಕದ ಗದ್ದೆಯವರು ಈ ವರ್ಷ ಬದುವಿನ ಹುಲ್ಲಿಗೆಲ್ಲ ಕಳೆನಾಶಕ ಹೊಡೆಯುವ ಯೋಚನೆಯಲ್ಲಿದ್ದಾರೆ. ಬೇಡವೆನ್ನಲು ನನ್ನ ಬಳಿ ಸರಿಯಾದ ವಾದವಿಲ್ಲ.

ಹುಳುಪುರಾಣ
ಒಳ್ಳೆಯ ಪ್ರಶ್ನೆ. ಉತ್ತರಿಸುವ ಮೊದಲು ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನೀವು ಬಳಸಿದ ವಿಧಾನಕ್ಕೆ ಪಿಟ್‌ಫಾಲ್ ಬಲೆ ಎನ್ನುತ್ತಾರೆ, ಜಗತ್ತಿನಾದ್ಯಂತ ನೆಲದುಂಬಿಗಳ ಅಧ್ಯಯನ ಬಹುಪಾಲು ಇದರ ಮೇಲೆಯೇ ನಿಂತಿದೆ. ಆದರೆ ಲೋಟಕ್ಕೆ ಬಿದ್ದ ಸಂಖ್ಯೆ ಅಲ್ಲಿ ವಾಸವಿರುವ ದುಂಬಿಗಳ ಸಂಖ್ಯೆಯಲ್ಲ. ಎಷ್ಟು ದುಂಬಿಗಳಿವೆ ಮತ್ತು ಅವು ಎಷ್ಟು ಓಡಾಡುತ್ತವೆ ಎಂಬ ಎರಡೂ ಅದರಲ್ಲಿ ಬೆರೆತಿರುತ್ತವೆ. ಗ್ರೀನ್‌ಸ್ಲೇಡ್ ಎಂಬ ವಿಜ್ಞಾನಿ 1964ರಲ್ಲಿಯೇ ಇದನ್ನು ವಿವರವಾಗಿ ತೋರಿಸಿದ್ದರು. ಬೋಳು ನೆಲದಲ್ಲಿ ದುಂಬಿ ಅಡೆತಡೆಯಿಲ್ಲದೆ ಓಡುವುದರಿಂದ ಬೇಗ ಲೋಟಕ್ಕೆ ಬೀಳುತ್ತದೆ, ದಟ್ಟ ತರಗೆಲೆಯ ನಡುವೆ ನಿಧಾನವಾಗಿ ನುಸುಳುವುದರಿಂದ ಕಡಿಮೆ ಬೀಳುತ್ತದೆ. ಹಸಿದ ದುಂಬಿ ಹೆಚ್ಚು ತಿರುಗುತ್ತದೆ, ಹೊಟ್ಟೆ ತುಂಬಿದ್ದು ಒಂದೆಡೆ ಕುಳಿತಿರುತ್ತದೆ.

ಈ ದೃಷ್ಟಿಯಿಂದ ನಿಮ್ಮ ಫಲಿತಾಂಶ ಕುತೂಹಲಕರವಾಗಿದೆ. ಗುಡಿಸಿದ ಬೆಟ್ಟದ ನೆಲ ಬೋಳಾಗಿರುವುದರಿಂದ ಅಲ್ಲಿ ಬಲೆ ಇದ್ದದ್ದಕ್ಕಿಂತ ಹೆಚ್ಚನ್ನೇ ತೋರಿಸಬೇಕಿತ್ತು. ಆದರೂ ಖಾಲಿಯಿದೆ ಎಂದರೆ ಅಲ್ಲಿ ದುಂಬಿಗಳು ನಿಜಕ್ಕೂ ವಿರಳವಾಗಿವೆ ಎಂದು ನಂಬಬಹುದು. ಬದು ಮತ್ತು ಕಾನುಗಳ ಹೋಲಿಕೆಯನ್ನು ಮಾತ್ರ ಅಷ್ಟು ಸುಲಭವಾಗಿ ನಂಬಬೇಡಿ.

ರಬ್ಬರ್‌ತೋಟ ಸುಳ್ಯ
ನಮ್ಮಲ್ಲಿಗೆ ಬನ್ನಿ, ಲೋಟ ಹೂಳುವ ಅಗತ್ಯವೇ ಇಲ್ಲ. ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದರೆ ಸಾಕು, ಈ ಕಪ್ಪು ದುಂಬಿಗಳು ಲಕ್ಷಗಟ್ಟಲೆ ಮನೆಯೊಳಗೆ ನುಗ್ಗಿ ಮಾಡಿನ ಸಂದಿಯಲ್ಲೆಲ್ಲ ಕೂರುತ್ತವೆ, ಅನ್ನದ ತಟ್ಟೆಗೂ ಬೀಳುತ್ತವೆ, ಮುಟ್ಟಿದರೆ ಚರ್ಮ ಉರಿಯುತ್ತದೆ. ಇವುಗಳನ್ನು ಉಳಿಸುವ ಮಾತಾಡುವವರು ಒಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಿ ನೋಡಲಿ.

ಮೇಷ್ಟ್ರು ಸಾಗರ
ಸುಳ್ಯದವರೇ, ನಿಮ್ಮ ಸಂಕಟ ನಿಜ, ಆರೋಪಿ ಮಾತ್ರ ಬೇರೆ. ನಿಮ್ಮ ಮನೆಗೆ ಬರುವುದು ಕೇರಳದಲ್ಲಿ ಮುಪ್ಲಿ ಎಂದು ಕರೆಯುವ ಲುಪ್ರಾಪ್ಸ್ ಟ್ರಿಸ್ಟಿಸ್. ಅದು ನೆಲದುಂಬಿಗಳ ಕುಟುಂಬವಾದ ಕ್ಯಾರಬಿಡೇಗೆ ಸೇರಿಲ್ಲ, ಟೆನೆಬ್ರಿಯೊನಿಡೇ ಎಂಬ ಬೇರೆಯೇ ಕುಟುಂಬದ್ದು. ರಬ್ಬರ್ ಮರದ ಉದುರಿದ ಎಲೆಯನ್ನು ತಿಂದು ಬೆಳೆಯುತ್ತದೆ, ಮಳೆ ಬಂದಾಗ ಒಣ ಜಾಗ ಹುಡುಕಿಕೊಂಡು ಮನೆ ಸೇರಿ ತಿಂಗಳುಗಟ್ಟಲೆ ಸುಮ್ಮನೆ ಕುಳಿತಿರುತ್ತದೆ. ನೆಲದುಂಬಿಗಳು ಬಹುಪಾಲು ಬೇಟೆಗಾರರು. ಹೀಗೆ ಲಕ್ಷಗಟ್ಟಲೆ ಒಂದು ಮನೆಗೆ ನುಗ್ಗುವ ಅಭ್ಯಾಸ ಅವುಗಳದ್ದಲ್ಲ.

ಗುರುತಿಸಲು ಭೂತಗನ್ನಡಿ ಸಾಕು. ಪಾದದ ಗಂಟುಗಳನ್ನು ಎಣಿಸಿ. ನೆಲದುಂಬಿಯ ಆರೂ ಪಾದಗಳಲ್ಲಿ ಐದೈದು ಗಂಟುಗಳಿರುತ್ತವೆ, ಮುಪ್ಲಿಯ ಗುಂಪಿನಲ್ಲಿ ಹಿಂದಿನ ಎರಡು ಪಾದಗಳಲ್ಲಿ ನಾಲ್ಕೇ ಇರುತ್ತವೆ. ಜೊತೆಗೆ ನೆಲದುಂಬಿಯ ಕುಡಿಮೀಸೆ ದಾರದಂತೆ ಸಪೂರವಾಗಿರುತ್ತದೆ, ದವಡೆಗಳು ಮುಂದಕ್ಕೆ ಚಾಚಿರುತ್ತವೆ, ಬೆನ್ನಿನ ಗಟ್ಟಿ ರೆಕ್ಕೆಗಳ ಮೇಲೆ ಸಾಮಾನ್ಯವಾಗಿ ಉದ್ದುದ್ದ ಗೀರುಗಳಿರುತ್ತವೆ.

ರಬ್ಬರ್‌ತೋಟ ಸುಳ್ಯ
ಗಂಟು ಎಣಿಸುವಷ್ಟು ತಾಳ್ಮೆ ಉಳಿದಿಲ್ಲ ಮೇಷ್ಟ್ರೇ. ಆದರೂ ಒಂದು ಪ್ರಶ್ನೆ: ಈ ಬೇಟೆಗಾರ ನೆಲದುಂಬಿಗಳನ್ನು ತೋಟಕ್ಕೆ ತಂದು ಬಿಟ್ಟರೆ ಮುಪ್ಲಿಯನ್ನು ತಿಂದಾವೇ?

ಹುಳುಪುರಾಣ
ನಿರೀಕ್ಷೆ ಬೇಡ. ಮುಪ್ಲಿ ಸ್ರವಿಸುವ ಉರಿ ರಸವೇ ಅದರ ರಕ್ಷಣೆ. ಹಲ್ಲಿ ಕೂಡ ಅದರ ತಂಟೆಗೆ ಹೆಚ್ಚು ಹೋಗುವುದಿಲ್ಲ.

ಚಳ್ಳಕೆರೆ ಬಯಲು
ಮಲೆನಾಡಿನವರೇ ಮಾತಾಡುತ್ತಿದ್ದೀರಿ, ಬಯಲುಸೀಮೆಯ ರಾಜನನ್ನು ಯಾರೂ ನೆನೆಯಲಿಲ್ಲ. ನಮ್ಮ ಕುರುಚಲು ಕಾಡಿನಲ್ಲಿ, ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ, ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ದುಂಬಿಯೊಂದು ಮಳೆಗಾಲದ ಸಂಜೆಗಳಲ್ಲಿ ಓಡಾಡುತ್ತದೆ. ಮೈಮೇಲೆ ಆರು ಬಿಳಿ ಚುಕ್ಕೆಗಳು ದೂರಕ್ಕೂ ಎದ್ದು ಕಾಣುತ್ತವೆ. ಕುರಿ ಕಾಯುವ ಹುಡುಗರು ಅದನ್ನು ಕೆಣಕುವುದಿಲ್ಲ, ಏಕೆಂದರೆ ಹಿಂಬದಿಯಿಂದ ಉರಿ ನೀರು ಚಿಮ್ಮಿಸುತ್ತದೆ. ನಮ್ಮ ನಾಯಿಯೊಂದು ಮೂಸಲು ಹೋಗಿ ಅರ್ಧ ದಿನ ಕಣ್ಣು ಉಜ್ಜಿಕೊಳ್ಳುತ್ತ ಕುಳಿತಿತ್ತು.

ಅದರ ಹೆಸರು ಆಂಥಿಯಾ ಸೆಕ್ಸ್‌ಗುಟ್ಟಾಟಾ ಎಂದು ಆಮೇಲೆ ತಿಳಿಯಿತು. ಹಿಂದೆ ಊರ ಸುತ್ತ ಕಾಣುತ್ತಿತ್ತು, ಈಗ ಗುಡ್ಡದ ಬುಡದ ಒಂದೆರಡು ತುಂಡು ಜಾಗದಲ್ಲಿ ಮಾತ್ರ ಕಾಣುತ್ತದೆ. ಕಾಡು ಕಡಿದರೆ ಸುದ್ದಿಯಾಗುತ್ತದೆ. ಕುರುಚಲು ಮಟ್ಟ ಮಾಡಿದರೆ ಯಾರೂ ಕೇಳುವುದಿಲ್ಲ, ಸರ್ಕಾರದ ಲೆಕ್ಕದಲ್ಲಿ ಅದು ಪಾಳುಭೂಮಿ.

ಹುಳುಪುರಾಣ
ಚಳ್ಳಕೆರೆಯವರು ಹೇಳಿದ ದುಂಬಿಯಲ್ಲಿಯೇ ಕಾನಂಚು ಅವರ ಪ್ರಶ್ನೆಗೆ ಅರ್ಧ ಉತ್ತರವಿದೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಆಂಥಿಯಾ ಹಾರಲಾರದು. ಅದರ ಬೆನ್ನಿನ ಗಟ್ಟಿ ರೆಕ್ಕೆಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಚಿಮ್ಮಿಸುವುದು ಫಾರ್ಮಿಕ್ ಆಮ್ಲವನ್ನು, ಅಂದರೆ ಕೆಂಪಿರುವೆಯ ಕಡಿತದಲ್ಲಿರುವ ಆಮ್ಲವನ್ನೇ. ಈ ಕುಲದ ಹೆಚ್ಚಿನ ಜಾತಿಗಳು ಇರುವುದು ಆಫ್ರಿಕಾದ ಒಣನಾಡುಗಳಲ್ಲಿ. ನಮ್ಮ ಪರ್ಯಾಯ ದ್ವೀಪದ ಬಯಲಿನಲ್ಲಿ ಅದು ಇರುವುದನ್ನು ನೋಡಿದರೆ, ಈ ಒಣ ನೆಲಕ್ಕೆ ತನ್ನದೇ ಆದ ಹಳೆಯ ಪ್ರಾಣಿಸಂಕುಲವಿದೆ, ಇದು ಕಾಡು ಹಾಳಾಗಿ ಉಳಿದ ಶೇಷವಲ್ಲ ಎಂದು ವಾದಿಸಲು ಬಲ ಬರುತ್ತದೆ. ಯುರೋಪಿನ ಪುಸ್ತಕ ತೆರೆದರೆ ಮೊದಲು ಕಾಣುವ ಕ್ಯಾರಬಸ್ ಕುಲ ದಕ್ಷಿಣ ಭಾರತದಲ್ಲಿ ಇಲ್ಲವೇ ಇಲ್ಲ, ಅದನ್ನು ನೋಡಲು ಹಿಮಾಲಯಕ್ಕೆ ಹೋಗಬೇಕು. ಆದ್ದರಿಂದ ಅಲ್ಲಿಯ ಪುಸ್ತಕದ ನಿಯಮಗಳನ್ನು ಇಲ್ಲಿಗೆ ಹಾಗೆಯೇ ಹೊಂದಿಸಲು ಬರುವುದಿಲ್ಲ. ಆದರೆ ಒಂದು ನಿಯಮ ಎರಡೂ ಕಡೆ ಕೆಲಸ ಮಾಡುತ್ತದೆ, ಅದು ರೆಕ್ಕೆಗೆ ಸಂಬಂಧಿಸಿದ್ದು.

ನೆಲದುಂಬಿಗಳಲ್ಲಿ ಕೆಲವು ಜಾತಿಗಳಿಗೆ ಬೆನ್ನಿನ ಗಟ್ಟಿ ಹೊದಿಕೆಯ ಕೆಳಗೆ ಪೂರ್ಣ ಹಾರುರೆಕ್ಕೆಗಳಿವೆ, ಕೆಲವಕ್ಕೆ ಮೊಟಕು ರೆಕ್ಕೆ, ಮತ್ತೆ ಕೆಲವು ಜಾತಿಗಳಲ್ಲಿ ಎರಡೂ ಬಗೆಯವು ಇರುತ್ತವೆ. ಸ್ವೀಡನ್ನಿನ ಲಿಂಡ್ರೋತ್, ಅಮೆರಿಕದ ಡಾರ್ಲಿಂಗ್ಟನ್, ನೆದರ್‌ಲ್ಯಾಂಡ್ಸ್‌ನಲ್ಲಿ 1959ರಿಂದ ದಶಕಗಟ್ಟಲೆ ಒಂದೇ ಬಯಲಿನಲ್ಲಿ ಬಲೆ ಹೂತ ಡೆನ್ ಬೂರ್, ಇವರೆಲ್ಲರ ಕೆಲಸದಿಂದ ಹೊರಟ ಚಿತ್ರ ಸ್ಥೂಲವಾಗಿ ಹೀಗಿದೆ: ಬೆಟ್ಟದ ತುದಿ, ಹಳೆಯ ಕಾಡು ಮುಂತಾದ ಬಹುಕಾಲ ಬದಲಾಗದ ನೆಲೆಗಳಲ್ಲಿ ಹಾರಲಾರದವು ಹೆಚ್ಚು. ನೆರೆ ಬಂದು ಹೋಗುವ ನದೀತೀರ, ಉಳುವ ಹೊಲ, ನೀರು ಕಟ್ಟಿ ಒಣಗಿಸುವ ಗದ್ದೆ ಮುಂತಾದ ಇಂದು ಇದ್ದು ನಾಳೆ ಇಲ್ಲವಾಗುವ ನೆಲೆಗಳಲ್ಲಿ ಹಾರಬಲ್ಲವು ಹೆಚ್ಚು. ನಿಮ್ಮ ಗದ್ದೆಗೆ ನಾಟಿಗೆ ಮೊದಲು ನೀರು ನಿಲ್ಲಿಸಿದಾಗ ಅಲ್ಲಿದ್ದ ದುಂಬಿ ಹಾರಿಯೋ ಓಡಿಯೋ ಬದುವಿಗೆ ಸೇರಬೇಕು, ಇಲ್ಲವೇ ಸಾಯಬೇಕು. ನೀರು ಇಳಿದಾಗ ಮೊದಲು ಮರಳುವುದೂ ಅವೇ. ಕಾನಿನವು ಗದ್ದೆಗೆ ಇಳಿಯುವುದಿಲ್ಲ, ಗದ್ದೆಯವು ಕಾನಿನೊಳಗೆ ಆಳವಾಗಿ ಹೋಗುವುದಿಲ್ಲ. ಅಂಚಿನಲ್ಲಿ ಎರಡೂ ಬೆರೆಯುತ್ತವೆ.

ಚಳ್ಳಕೆರೆಯ ಆಂಥಿಯಾಕ್ಕೆ ತೊಂದರೆಯಾಗಿರುವುದೂ ಇಲ್ಲಿಯೇ. ಗದ್ದೆಯ ದುಂಬಿ ಒಂದು ಊರಿನಲ್ಲಿ ಅಳಿದರೆ ಪಕ್ಕದ ಊರಿನಿಂದ ಹಾರಿ ಬಂದು ತುಂಬಿಕೊಳ್ಳುತ್ತದೆ. ಆಂಥಿಯಾದ ಕುರುಚಲು ತುಂಡಾದರೆ, ನಡುವೆ ಟಾರು ರಸ್ತೆಯೂ ಉಳುಮೆಯ ಹೊಲವೂ ಬಂದರೆ, ಅಳಿದ ತುಂಡಿಗೆ ಮತ್ತೆ ನಡೆದು ಬರುವ ದಾರಿಯೇ ಇರುವುದಿಲ್ಲ.

ಗದ್ದೆಬಯಲು ಮಂಡ್ಯ
ಭತ್ತದ ಪೈರಿನ ಮೇಲೆ ಹತ್ತುವ, ಕತ್ತು ಉದ್ದವಾದ, ಕೆಂಪು ಮೈಗೆ ನೀಲಿಗಪ್ಪು ಪಟ್ಟಿ ಇರುವ ಇರುವೆಯಂತಹ ಹುಳುವೂ ಇದೇ ಜಾತಿಯದ್ದೇ? ಕೃಷಿ ತರಬೇತಿಯಲ್ಲಿ ಅದನ್ನು ರೈತನ ಮಿತ್ರ ಎಂದು ತೋರಿಸಿದ್ದರು.

ಹುಳುಪುರಾಣ
ಅದೇ. ಇದೇ ಕುಟುಂಬದ ಓಫಿಯೋನಿಯಾ ಎಂಬ ಕುಲ. ನೆಲದುಂಬಿ ಎಂಬ ಹೆಸರಿದ್ದರೂ ಅದರ ಕೆಲಸ ನಡೆಯುವುದು ಪೈರಿನ ಮೇಲೆಯೇ. ಎಲೆ ಸುರುಳಿ ಹುಳು ಮಡಚಿಕೊಂಡ ಎಲೆಯೊಳಗೆ ನುಗ್ಗಿ ಅದನ್ನು ತಿನ್ನುತ್ತದೆ, ಜಿಗಿಹುಳುವಿನ ಮರಿಗಳನ್ನೂ ಕಣೆ ನೊಣದ ಮರಿಗಳನ್ನೂ ಬಿಡುವುದಿಲ್ಲ. ಪೈರಿನ ಮೇಲೆ ಕಂಡಾಗ ಔಷಧಿ ಹೊಡೆಯುವ ಅವಸರ ಮಾಡಬೇಡಿ.

ಹ್ಯಾಂಪ್‌ಶೈರ್ ಕನ್ನಡತಿ
ನಾನು ಇಂಗ್ಲೆಂಡಿನ ದಕ್ಷಿಣದಲ್ಲಿ, ಗೋಧಿ ಹೊಲಗಳ ನಡುವಿನ ಊರಿನಲ್ಲಿದ್ದೇನೆ. ಕಾನಂಚು ಅವರ ಪಕ್ಕದ ಗದ್ದೆಯವರಿಗೆ ಹೇಳಲು ಒಂದು ಉದಾಹರಣೆ ಕೊಡಬಲ್ಲೆ. ಇಲ್ಲಿ ಯಂತ್ರಗಳಿಗೆ ಅನುಕೂಲವಾಗಲೆಂದು ಬೇಲಿಸಾಲುಗಳನ್ನು ಕಿತ್ತು ಹೊಲಗಳನ್ನು ದೊಡ್ಡದು ಮಾಡಿದರು. ಹೊಲದ ನಡುವಿನ ಬೆಳೆಗೆ ಹೇನು ಹತ್ತಿದಾಗ ಅದನ್ನು ತಿನ್ನುವ ದುಂಬಿ, ಜೇಡಗಳು ಅಂಚಿನಿಂದ ಅಷ್ಟು ದೂರ ಬರುವ ಹೊತ್ತಿಗೆ ಕಾಲ ಮೀರಿರುತ್ತಿತ್ತು. 1980ರ ದಶಕದ ಕೊನೆಯಲ್ಲಿ ಇಲ್ಲಿಯ ಸಂಶೋಧಕರು ಹೊಲದ ನಡುವೆ ಸುಮಾರು 40 ಸೆಂಟಿಮೀಟರ್ ಎತ್ತರದ ಮಣ್ಣಿನ ದಿಂಡು ಹಾಕಿ ಅದರ ಮೇಲೆ ಗುಪ್ಪೆಗುಪ್ಪೆಯಾಗಿ ಬೆಳೆಯುವ ಹುಲ್ಲು ಬಿತ್ತಿದರು. ಎರಡನೆಯ ಚಳಿಗಾಲದ ಹೊತ್ತಿಗೆ ಕೆಲವು ಹುಲ್ಲಿನ ಬುಡಗಳಲ್ಲಿ ಚದರ ಮೀಟರಿಗೆ ಸಾವಿರಕ್ಕೂ ಮೀರಿ ಬೇಟೆಗಾರ ಕೀಟಗಳು ಮತ್ತು ಜೇಡಗಳು ಆಶ್ರಯ ಪಡೆದಿದ್ದವು. ಇದಕ್ಕೆ ಬೀಟಲ್ ಬ್ಯಾಂಕ್ ಎನ್ನುತ್ತಾರೆ, ಹಾಕುವ ರೈತರಿಗೆ ಸರ್ಕಾರದ ಸಹಾಯಧನವೂ ಇದೆ.

ಇಷ್ಟಾದರೂ ಇಲ್ಲಿಯ ಸ್ಥಿತಿ ಒಳ್ಳೆಯದಿದೆ ಎನ್ನಲಾರೆ. ಬ್ರಿಟನ್ನಿನ ದೀರ್ಘಕಾಲದ ಪರಿಸರ ನಿಗಾ ತಾಣಗಳಲ್ಲಿ 15 ವರ್ಷ ಹೂತ ಬಲೆಗಳ ಲೆಕ್ಕ 2012ರಲ್ಲಿ ಪ್ರಕಟವಾದಾಗ, ಪರಿಶೀಲಿಸಿದ ನೆಲದುಂಬಿ ಜಾತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಳಿಮುಖವಾಗಿದ್ದವು.

ಚಳ್ಳಕೆರೆ ಬಯಲು
ಸಾವಿರಾರು ವರ್ಷಗಳಿಂದ ನಮ್ಮ ಅಜ್ಜಂದಿರು ಕಟ್ಟಿದ ಬದುವನ್ನು ಇಂಗ್ಲೆಂಡಿನವರು ಸಹಾಯಧನ ಕೊಟ್ಟು ಕಟ್ಟಿಸುತ್ತಿದ್ದಾರೆ ಎಂದಾಯಿತು. ಮೇಡಂ, ಉದಾಹರಣೆ ಕೊಟ್ಟದ್ದಕ್ಕೆ ಬೇಸರವಿಲ್ಲ. ಆದರೆ ನಮ್ಮ ರೈತನಿಗೆ ಬದುವಿನ ಪಾಠವನ್ನು ಹ್ಯಾಂಪ್‌ಶೈರ್‌ನಿಂದ ತರಿಸುವ ಅಗತ್ಯವಿಲ್ಲ.

ಗದ್ದೆಬಯಲು ಮಂಡ್ಯ
ಅಗತ್ಯವಿದೆ ಅಣ್ಣ. ಅಜ್ಜ ಕಟ್ಟಿದ ಬದು ಎರಡಾಳು ಎದುರಾಬದುರಾ ನಡೆಯುವಷ್ಟು ಅಗಲವಿತ್ತು. ಈಗ ನಮ್ಮೂರಿನಲ್ಲಿ ವರ್ಷವರ್ಷ ಟ್ರ್ಯಾಕ್ಟರ್ ಕೆರೆದು ಒಂದು ಕಾಲು ಇಡುವಷ್ಟು ಉಳಿದಿದೆ. ಉಳಿದದ್ದಕ್ಕೂ ಕಳೆನಾಶಕ. ದನ ಇದ್ದಾಗ ಬದುವಿನ ಹುಲ್ಲಿಗೆ ಬೆಲೆ ಇತ್ತು, ಕುಡುಗೋಲಿನಿಂದ ಕೊಯ್ದು ತರುತ್ತಿದ್ದೆವು, ಬುಡ ಉಳಿಯುತ್ತಿತ್ತು. ದನ ಹೋಯಿತು, ಹುಲ್ಲು ಶತ್ರುವಾಯಿತು.

ಹುಳುಪುರಾಣ
ಮಂಡ್ಯದವರು ಹೇಳಿದ ವ್ಯತ್ಯಾಸ ಮುಖ್ಯವಾದದ್ದು. ಕೊಯ್ದ ಹುಲ್ಲಿನ ಬುಡದಲ್ಲಿ ನೆರಳು ಮತ್ತು ತೇವ ಉಳಿಯುತ್ತವೆ, ದುಂಬಿಯ ಮರಿಹುಳು ಮಣ್ಣಿನ ಸಂದಿಯಲ್ಲಿ ಬದುಕಿರುತ್ತದೆ. ಕಳೆನಾಶಕ ಹೊಡೆದ ಬದುವಿನಲ್ಲಿ ದುಂಬಿ ನೇರವಾಗಿ ಸಾಯದಿದ್ದರೂ ಬಿಸಿಲಿಗೆ ನೆಲ ಕಾದು ನಿಲ್ಲಲಾರದಂತಾಗುತ್ತದೆ, ಮಳೆಗೆ ಮಣ್ಣೂ ಕೊಚ್ಚಿ ಹೋಗುತ್ತದೆ. ಇಂಗ್ಲೆಂಡಿನಲ್ಲಿ ದುಂಬಿಗೆ ದಿಂಡು ಬೇಕಾದದ್ದು ಚಳಿಗಾಲ ಕಳೆಯಲು. ನಮ್ಮಲ್ಲಿ ಕಷ್ಟದ ಕಾಲವೆಂದರೆ ಒಂದು ಕಡೆ ಮಾರ್ಚ್‌ನಿಂದ ಮೇವರೆಗಿನ ಒಣಬೇಸಿಗೆ, ಇನ್ನೊಂದು ಕಡೆ ಗದ್ದೆಯಲ್ಲಿ ನೀರು ನಿಂತ ದಿನಗಳು. ಎರಡೂ ಕಾಲಕ್ಕೆ ಆಶ್ರಯ ಒಂದೇ, ಅದು ಬದು. ಪಕ್ಕದ ಗದ್ದೆಯವರಿಗೆ ಹೇಳಬೇಕಾದ ವಾದವೂ ಇದೇ.

ಅಡಿಕೆಸಾಲು
ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಎಲ್ಲರೂ ದುಂಬಿಯನ್ನು ಹೊಗಳುತ್ತಿದ್ದೀರಿ, ಒಪ್ಪಿದೆ. ನನ್ನ ತೋಟದಲ್ಲಿ ಬೇರುಹುಳು ಬಂದು ಮರಗಳು ಹಳದಿಯಾಗುತ್ತಿವೆ. ಬೇಟೆಗಾರ ದುಂಬಿ ಇಷ್ಟೊಂದಿದ್ದರೆ ಬೇರುಹುಳುವನ್ನು ಏಕೆ ತಿನ್ನುವುದಿಲ್ಲ? ತಿನ್ನದ ಮೇಲೆ ನಮಗೆ ಔಷಧಿ ಸುರಿಯುವುದು ಬಿಟ್ಟು ಬೇರೆ ದಾರಿಯೇನಿದೆ?

ಹುಳುಪುರಾಣ
ನೇರವಾಗಿ ಹೇಳುತ್ತೇನೆ: ಅಡಿಕೆಯ ಬೇರುಹುಳುವಿಗೆ ನೆಲದುಂಬಿಯನ್ನು ನಂಬಿ ಕೂರಬೇಡಿ. ಬೇರುಹುಳು ಬೆಳೆದು ದಪ್ಪಗಾದ ಮೇಲೆ ಬೇರಿನ ಬಳಿ ಆಳದಲ್ಲಿರುತ್ತದೆ. ನೆಲದುಂಬಿ ಬೇಟೆಯಾಡುವುದು ಮಣ್ಣಿನ ಮೇಲ್ಮೈಯಲ್ಲಿ ಮತ್ತು ತರಗೆಲೆಯ ಪದರದಲ್ಲಿ. ಮೊದಲ ಮಳೆಗೆ ಸಂಜೆ ಹೊತ್ತು ಮೇಲೆದ್ದು ಬರುವ ಪ್ರೌಢ ದುಂಬಿಗಳನ್ನು ಹಿಡಿದು ಕೊಲ್ಲುವುದು ಇಂದಿಗೂ ಒಳ್ಳೆಯ ಉಪಾಯ. ಔಷಧಿ ಹಾಕಲೇಬೇಕಾದರೆ ಹುಳು ಬಿದ್ದ ಮರದ ಬುಡಕ್ಕೆ, ಮರಿ ಚಿಕ್ಕದಿರುವ ಕಾಲದಲ್ಲಿ ಮಾತ್ರ ಹಾಕಿ, ಇಡೀ ತೋಟಕ್ಕೆ ಎರಚಬೇಡಿ. ಫೋರೇಟ್ ಎಂಬ ಕೀಟನಾಶಕದ ಹರಳನ್ನು ಭಾರತದಲ್ಲಿ 2020ರ ಕೊನೆಗೆ ನಿಷೇಧಿಸಿದ್ದಾರೆ. ಹಳೆಯ ಡಬ್ಬ ಯಾರ ಅಟ್ಟದಲ್ಲಾದರೂ ಉಳಿದಿದ್ದರೆ ಅದನ್ನು ಮುಟ್ಟಬೇಡಿ. ಮಣ್ಣಿನ ಮೇಲೆ ಓಡಾಡುವ ಜೀವಿಗಳಿಗೆ ಅದಕ್ಕಿಂತ ಕೆಟ್ಟದ್ದು ಕಡಿಮೆ, ಮನುಷ್ಯರಿಗೂ ಅದು ಘೋರ ವಿಷ.

ಅಡಿಕೆಸಾಲು
ಆಫ್ರಿಕನ್ ಬಸವನಹುಳುವನ್ನಾದರೂ ತಿನ್ನುವ ದುಂಬಿ ಇದೆಯೇ? ಹೊರದೇಶದಿಂದ ತರಿಸಿ ಬಿಡುವುದಾದರೆ ನಾನು ದುಡ್ಡು ಹಾಕಲು ತಯಾರು.

ಮೇಷ್ಟ್ರು ಸಾಗರ
ಹೊರಗಿನಿಂದ ತರಿಸುವ ಮಾತನ್ನು ದಯವಿಟ್ಟು ಬಿಡಿ. ಇದೇ ಆಫ್ರಿಕನ್ ಬಸವನಹುಳುವನ್ನು ಹತೋಟಿಗೆ ತರಲೆಂದು 1970ರ ದಶಕದಲ್ಲಿ ತಾಹಿತಿ ಮತ್ತು ಮೂರಿಯಾ ದ್ವೀಪಗಳಿಗೆ ಬೇಟೆಗಾರ ಬಸವನಹುಳುವೊಂದನ್ನು ತಂದು ಬಿಟ್ಟರು. ಅದು ಆಫ್ರಿಕನ್ ಹುಳುವನ್ನು ಬಿಟ್ಟು, ಆ ದ್ವೀಪಗಳಲ್ಲಿ ಮಾತ್ರ ಇದ್ದ ಪಾರ್ಟುಲಾ ಕುಲದ ಪುಟ್ಟ ಬಸವನಹುಳು ಜಾತಿಗಳನ್ನು ಕೆಲವೇ ವರ್ಷಗಳಲ್ಲಿ ಬಹುತೇಕ ತಿಂದು ಮುಗಿಸಿತು. ನೆಲದುಂಬಿಯಲ್ಲಿ ಒಳ್ಳೆಯ ಉದಾಹರಣೆಯೂ ಇದೆ: ಕಂಬಳಿಹುಳು ತಿನ್ನುವ ಕ್ಯಾಲೊಸೋಮಾ ಎಂಬ ಹಸಿರು ದುಂಬಿಯನ್ನು ಅಮೆರಿಕದವರು 1905ರಿಂದ ಯುರೋಪಿನಿಂದ ತರಿಸಿ ಕಾಡಿನಲ್ಲಿ ನೆಲೆಗೊಳಿಸಿದರು. ಆದರೆ ಅದು ಸರ್ಕಾರದ ಪ್ರಯೋಗಾಲಯ ಮಾಡುವ ಕೆಲಸ, ನಾವು ಚಂದಾ ಎತ್ತಿ ಮಾಡುವುದಲ್ಲ.

ಪುಟ್ಟಿಯ ಅಪ್ಪ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ಬದುವಿನಲ್ಲಿ ಕಲ್ಲು ಎತ್ತಿದಾಗ ಹಳದಿ-ಕಪ್ಪು ಬಣ್ಣದ ದುಂಬಿಯೊಂದು ಟಪ್ ಎಂದು ಶಬ್ದ ಮಾಡಿ ಹೊಗೆ ಬಿಟ್ಟಿತು. ಮಗಳ ಬೆರಳು ಕಂದುಬಣ್ಣಕ್ಕೆ ತಿರುಗಿದೆ. ಅಪಾಯವೇ?

ಹುಳುಪುರಾಣ
ಸಾಬೂನು ಹಾಕಿ ತೊಳೆಯಿರಿ, ಕಲೆ ಕೆಲವು ದಿನಗಳಲ್ಲಿ ಹೋಗುತ್ತದೆ. ಕಣ್ಣಿಗೆ ಬಿದ್ದಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಅದು ಫೆರೊಪ್ಸೋಫಸ್, ಬಾಂಬಾರ್ಡಿಯರ್ ದುಂಬಿ. ಅದರ ಹೊಟ್ಟೆಯ ತುದಿಯಲ್ಲಿ ಎರಡು ಕೋಣೆಗಳ ಏರ್ಪಾಡಿದೆ. ಒಳಗಿನದರಲ್ಲಿ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸಂಗ್ರಹವಾಗಿರುತ್ತವೆ. ಅಪಾಯ ಬಂದಾಗ ಅವು ಹೊರಬದಿಯ ಗಟ್ಟಿ ಗೋಡೆಯ ಕೋಣೆಗೆ ನುಗ್ಗಿ ಅಲ್ಲಿಯ ಕಿಣ್ವಗಳೊಂದಿಗೆ ಸೇರಿದ ಕೂಡಲೇ ಸಿಡಿದು, ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯ ಉರಿ ದ್ರವ ಹೊರಚಿಮ್ಮುತ್ತದೆ. ಥಾಮಸ್ ಐಸ್ನರ್ ಮತ್ತು ಜೊತೆಗಾರರು 1969ರಲ್ಲಿ ಈ ಬಿಸಿಯನ್ನು ಅಳೆದರು.

ಜಪಾನಿನ ಇಬ್ಬರು ವಿಜ್ಞಾನಿಗಳು ಇದೇ ಕುಲದ ದುಂಬಿಯನ್ನು ನೆಲಗಪ್ಪೆಗಳಿಗೆ ತಿನ್ನಿಸಿ ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ನುಂಗಿದ ಕಪ್ಪೆಗಳಲ್ಲಿ ನೂರಕ್ಕೆ 43ರಷ್ಟು ದುಂಬಿಯನ್ನು ಮತ್ತೆ ಕಕ್ಕಿದವು, ಕೆಲವು ಒಂದೂವರೆ ಗಂಟೆಗಿಂತ ತಡವಾಗಿ, ಮತ್ತು ಕಕ್ಕಿಸಿಕೊಂಡ ದುಂಬಿಗಳು ನಡೆದು ಹೋದವು.

ಆಚೆ ಹೋಗಿಲ್ಲ ಎನ್ನಲು ಒಂದು ಕಾರಣ ಕೊಡುತ್ತೇನೆ. ಈ ಕುಲದಲ್ಲಿ ಚೆನ್ನಾಗಿ ಅಧ್ಯಯನವಾದ ಜಾತಿಗಳ ಮರಿಹುಳುಗಳು ಮೋಲ್ ಕ್ರಿಕೆಟ್ ಕೀಟದ ಮೊಟ್ಟೆಗಳನ್ನು ತಿಂದು ಬೆಳೆಯುತ್ತವೆ. ಮೋಲ್ ಕ್ರಿಕೆಟ್ ಎಂದರೆ ಬದುವಿನ ಒದ್ದೆ ಮಣ್ಣಿನಲ್ಲಿ ಬಿಲ ಕೊರೆದು ಗದ್ದೆಯ ನೀರು ಸೋರಿಸುವ ಅದೇ ಕೀಟ. ಫೆರೊಪ್ಸೋಫಸ್ ಕಾನಿನ ಒಳಗಿರದೆ ಒದ್ದೆ ಬದುವಿನಲ್ಲಿ ಗುಂಪಾಗಿ ಕಾಣುವುದಕ್ಕೆ ಮರಿಯ ಊಟ ಅಲ್ಲಿರುವುದೂ ಒಂದು ಕಾರಣವಿರಬಹುದು.

ಗೋಕರ್ಣದ ಗಾಳಿ
ಡಾರ್ವಿನ್ ವಿದ್ಯಾರ್ಥಿಯಾಗಿದ್ದಾಗ ಎರಡು ಕೈಯಲ್ಲೂ ದುಂಬಿ ಹಿಡಿದಿದ್ದು, ಮೂರನೆಯದು ಕಂಡಾಗ ಒಂದನ್ನು ಬಾಯಿಗೆ ಹಾಕಿಕೊಂಡು ನಾಲಗೆ ಸುಟ್ಟುಕೊಂಡದ್ದನ್ನು ತಾನೇ ಬರೆದಿಟ್ಟಿದ್ದಾನೆ. ಪುಟ್ಟಿಗೆ ಹೇಳಿ, ದೊಡ್ಡವರ ಸಾಲಿಗೆ ಸೇರಿದ್ದಾಳೆ.

ನಮ್ಮ ಕಡಲತೀರದ ಮರಳಿನಲ್ಲಿ ಓಡುವ ಹುಲಿದುಂಬಿಗಳೂ ಇದೇ ಕುಟುಂಬದವೇ ಎಂದು ಕೇಳುವುದಿತ್ತು.

ಮೇಷ್ಟ್ರು ಸಾಗರ
ಇದೇ ಕುಟುಂಬದ್ದು, ಉಪಕುಟುಂಬ.

ಹುಳುಪುರಾಣ
ಮೇಷ್ಟ್ರೇ, ಅಷ್ಟು ಖಚಿತವಾಗಿ ಹೇಳುವ ಕಾಲ ಹೋಗಿದೆ. ಬಹಳ ಕಾಲ ಉಪಕುಟುಂಬವೆಂದೇ ಎಣಿಸಿದ್ದರು, ಆದರೆ ಜೀನುಗಳ ಹೋಲಿಕೆಯ ಆಧಾರದ ಮೇಲೆ ಇತ್ತೀಚಿನ ವರ್ಷಗಳಲ್ಲಿ ಹಲವರು ಅವನ್ನು ಪ್ರತ್ಯೇಕ ಕುಟುಂಬವಾಗಿ ಬರೆಯುತ್ತಿದ್ದಾರೆ. ಯಾವ ಕುಟುಂಬವಾದರೂ ನೆಲೆಯ ವಿಷಯದಲ್ಲಿ ಅವುಗಳಷ್ಟು ಹಟಮಾರಿಗಳು ಕಡಿಮೆ. ಒಂದು ಜಾತಿಗೆ ಹೊಳೆಯ ಒದ್ದೆ ಮರಳು ಬೇಕು, ಇನ್ನೊಂದಕ್ಕೆ ಕಾಡಿನ ಕಾಲುದಾರಿಯ ಗಟ್ಟಿ ಮಣ್ಣು, ಮತ್ತೊಂದಕ್ಕೆ ಮರದ ಕಾಂಡ. ಮರಿಹುಳು ನೇರವಾದ ಬಿಲ ತೋಡಿ, ಬೆನ್ನಿನ ಕೊಕ್ಕೆಗಳಿಂದ ಗೋಡೆ ಹಿಡಿದು ಕುಳಿತು, ಬಾಯಿಗೆ ಹತ್ತಿರ ಬಂದದ್ದನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಮಣ್ಣಿನ ಹದ ಬದಲಾದರೆ ಆ ತಲೆಮಾರೇ ಹೋಯಿತು. ಭಾರತದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಪಿಯರ್ಸನ್ ಮತ್ತು ಬೆಂಗಳೂರಿನ ಘೋರ್ಪಡೆ 1989ರಲ್ಲಿ ಇವುಗಳ ಹಂಚಿಕೆಯ ಮೇಲೆ ಬರೆದ ಪ್ರಬಂಧ ಇಂದಿಗೂ ಓದಬೇಕಾದದ್ದು.

ಗೋಕರ್ಣದ ಗಾಳಿ
ಹಾಗಾದರೆ ನದಿಯ ಮರಳು ಎತ್ತುವ ಲಾರಿಗಳು ಹುಲಿದುಂಬಿಯ ಮರಿಗಳನ್ನೂ ಒಯ್ಯುತ್ತಿವೆ.

ಹೆಗಡೆಮನೆ
ಎಲ್ಲವೂ ಸರಿ, ಆದರೆ ಈ ಚರ್ಚೆಯ ಆರಂಭದಲ್ಲಿ ಸೊಪ್ಪಿನಬೆಟ್ಟವನ್ನು ಅಪರಾಧಿ ಮಾಡಿದ್ದು ನನಗೆ ಒಪ್ಪಿಗೆಯಿಲ್ಲ. ನೂರಾರು ವರ್ಷಗಳಿಂದ ನಾವು ಬೆಟ್ಟದ ದರಕು ಗುಡಿಸಿ ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕುತ್ತ ಬಂದಿದ್ದೇವೆ. ದರಕು ಗುಡಿಸದಿದ್ದರೆ ಬೇಸಿಗೆಯಲ್ಲಿ ಬೆಂಕಿ ಬಿದ್ದು ಬೆಟ್ಟವೇ ಸುಡುತ್ತದೆ. ಬೆಂಕಿಯಲ್ಲಿ ದುಂಬಿ ಉಳಿಯುತ್ತದೆಯೇ? ತೋಟದಲ್ಲಿ ದುಂಬಿ ಸುಮಾರಾಗಿ ಇದೆ ಎಂದಿರಿ, ಅದು ಇರುವುದೇ ನಾವು ತಂದು ಹಾಸಿದ ಸೊಪ್ಪಿನಿಂದ.

ಕಾನಂಚು
ಹೆಗಡೆಯವರೇ, ನಮ್ಮದೂ ಸೊಪ್ಪು ಹಾಸುವ ತೋಟವೇ, ಬಿಡುವ ಯೋಚನೆಯಿಲ್ಲ. ಗುಡಿಸುವುದು ಬೇಡವೆಂದು ನಾನು ಹೇಳಲಿಲ್ಲ, ಅಲ್ಲಿ ದುಂಬಿ ಇಲ್ಲವೆಂದು ಹೇಳಿದೆ.

ಹುಳುಪುರಾಣ
ಹೆಗಡೆಯವರ ಮಾತಿನಲ್ಲಿ ಎರಡು ಭಾಗಗಳಿವೆ, ಎರಡಕ್ಕೂ ಬೇರೆ ಬೇರೆ ಉತ್ತರ. ತೋಟದ ಹಾಸು ದುಂಬಿಗಳಿಗೆ ಆಶ್ರಯವೆಂಬುದು ನಿಜ. ನೆರಳು, ತೇವ, ಕೊಳೆಯುವ ಸೊಪ್ಪಿನಲ್ಲಿ ಸಣ್ಣ ಹುಳುಗಳ ಆಹಾರ, ಎಲ್ಲವೂ ಅಲ್ಲಿದೆ. ಆದರೆ ಅಲ್ಲಿಗೆ ಬಂದು ಸೇರುವುದು ಬದಲಾವಣೆಗೆ ಒಗ್ಗಿದ, ಹಾರಬಲ್ಲ ಜಾತಿಗಳು. ಬೆಟ್ಟದ ತರಗೆಲೆಯನ್ನೇ ನಂಬಿದ ಮೊಟಕು ರೆಕ್ಕೆಯ ಜಾತಿಗಳು ಸೊಪ್ಪಿನ ಜೊತೆ ತೋಟಕ್ಕೆ ಇಳಿದು ಬಂದು ನೆಲೆಸುವುದಿಲ್ಲ. ಬೆಂಕಿಯ ಮಾತನ್ನೂ ಒಪ್ಪುತ್ತೇನೆ. ಆದ್ದರಿಂದ ಪ್ರಶ್ನೆ ಗುಡಿಸಬೇಕೋ ಬೇಡವೋ ಎಂಬುದಲ್ಲ, ಒಂದೇ ವರ್ಷ ಇಡೀ ಬೆಟ್ಟವನ್ನು ಗುಡಿಸಬೇಕೋ ಎಂಬುದು. ಹಳ್ಳದ ದಂಡೆ ಮತ್ತು ಕಾನಿಗೆ ತಾಗಿದ ಪಟ್ಟಿಯನ್ನು ಬಿಟ್ಟು, ಉಳಿದದ್ದನ್ನು ಪಾಳಿಯ ಮೇಲೆ ಗುಡಿಸಿದರೆ ಕಾನಿನ ದುಂಬಿಗಳಿಗೆ ನಡೆದು ಬರಲು ದಾರಿ ಇರುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಮಳೆಕಾಡಿನ ನೆಲದುಂಬಿಗಳಲ್ಲಿ ಗಣನೀಯ ಪಾಲು ನೆಲದಲ್ಲಿಯೇ ಇರುವುದಿಲ್ಲ, ಕಾಂಡದ ಮೇಲೂ ನೆತ್ತಿಯ ಎಲೆಗಳಲ್ಲೂ ಇರುತ್ತವೆ. ಪನಾಮಾದ ಒಂದೇ ಜಾತಿಯ 19 ಮರಗಳಿಗೆ ಹೊಗೆ ಹಾಕಿ ಉದುರಿದ ದುಂಬಿಗಳನ್ನು ಎಣಿಸಿ, ಉಷ್ಣವಲಯದಲ್ಲಿ ಮೂರು ಕೋಟಿ ಜಾತಿಯ ಸಂಧಿಪದಿಗಳು (ಕೀಟ, ಜೇಡ ಮುಂತಾದವು) ಇರಬಹುದೆಂದು 1982ರಲ್ಲಿ ಅಂದಾಜಿಸಿದ ಟೆರ್ರಿ ಎರ್ವಿನ್ ಮೂಲತಃ ನೆಲದುಂಬಿಗಳ ತಜ್ಞ. ಆ ಅಂದಾಜನ್ನು ನಂತರದವರು ಬಹಳ ತಗ್ಗಿಸಿದರು. ನಿಮ್ಮ ಲೋಟ ಕಾನಿನ ನಿಜವಾದ ಸಂಪತ್ತನ್ನು ತೋರಿಸುತ್ತಿಲ್ಲ ಎಂಬ ಮಾತು ಮಾತ್ರ ಉಳಿಯುತ್ತದೆ. ಗೆದ್ದಲು ಗೂಡಿನೊಳಗೆ ಮರಿ ಬೆಳೆಸುವ ಆರ್ಥೊಗೋನಿಯಸ್, ಇರುವೆ ಗೂಡಿನಲ್ಲಿ ಅತಿಥಿಯಂತೆ ಬದುಕುವ ಪೌಸಸ್, ಇವೆಲ್ಲ ಲೋಟಕ್ಕೆ ಸಿಗುವುದು ಅಪರೂಪ, ರಾತ್ರಿ ದೀಪಕ್ಕೆ ಬಂದಾಗ ಕಾಣಿಸಿಕೊಳ್ಳುತ್ತವೆ.

ಹೆಗಡೆಮನೆ
ಪಾಳಿಯ ಮೇಲೆ ಗುಡಿಸುವುದು ನಮ್ಮ ಹಿರಿಯರೂ ಮಾಡುತ್ತಿದ್ದರು. ಈಗ ಆಳು ಸಿಗುವ ದಿನ ಸಿಕ್ಕಷ್ಟನ್ನೂ ಗುಡಿಸಿಬಿಡುತ್ತೇವೆ, ಅದು ನಿಜ.

ಧಾರವಾಡ ವಿದ್ಯಾರ್ಥಿ
ನಮ್ಮ ರಾಜ್ಯದ ನೆಲದುಂಬಿಗಳ ಪಟ್ಟಿ ಎಲ್ಲಿ ಸಿಗುತ್ತದೆ? ಬಲೆ ಹಾಕಲು ಅನುಮತಿ ಬೇಕೇ?

ಹುಳುಪುರಾಣ
ಕೈಗೆ ಸಿಗುವ ಆಧಾರ ಇಂದಿಗೂ ಬ್ರಿಟಿಷ್ ಕೀಟತಜ್ಞ ಆಂಡ್ರೂಸ್ ನಮ್ಮ ನೆಲದುಂಬಿಗಳ ಮೇಲೆ 1929 ಮತ್ತು 1935ರಲ್ಲಿ ಹೊರತಂದ ಎರಡು ಸಂಪುಟಗಳು. ಕೆನರಾ, ಬೆಳಗಾವಿ, ನೀಲಗಿರಿ ಎಂಬ ಸ್ಥಳಗಳ ಹೆಸರು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆದರೆ ಕುಟುಂಬದ ಎಲ್ಲ ಗುಂಪುಗಳನ್ನು ಅವು ಮುಗಿಸಿಲ್ಲ, ಹೆಸರುಗಳೂ ಸಾಕಷ್ಟು ಬದಲಾಗಿವೆ. ಮಾದರಿ ಹೋಲಿಸಿ ನೋಡಲು ಬೆಂಗಳೂರಿನ ಹೆಬ್ಬಾಳದ ಬಳಿಯಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಸಂಗ್ರಹವಿದೆ, ನಿಮ್ಮ ವಿಭಾಗದ ಮೂಲಕ ಪತ್ರ ಬರೆಯಿರಿ. ಸ್ವಂತ ಹೊಲದಲ್ಲಿ ನೋಡಿ ಬಿಡುವುದಕ್ಕೆ ಅಡ್ಡಿಯಿಲ್ಲ. ಮೀಸಲು ಅರಣ್ಯದಲ್ಲಿ ಒಂದು ಹುಳು ಹಿಡಿಯುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಬಲೆಯ ವಿಷಯದಲ್ಲಿ: ಲೋಟದ ಬಾಯಿ ಮಣ್ಣಿಗೆ ಸರಿಸಮವಾಗಿರಲಿ, ಒಂದು ಕೂದಲೆಳೆ ಮೇಲಿದ್ದರೂ ಸಣ್ಣ ದುಂಬಿಗಳು ತಿರುಗಿ ಹೋಗುತ್ತವೆ. ಮೇಲೆ ಕಲ್ಲಿನ ಮೇಲಿಟ್ಟ ಹಂಚು ಮಳೆಗೆ ಸಾಕು. ಕಪ್ಪೆ, ಹಾವುರಾಣಿ ಬೀಳದಂತೆ ಬಾಯಿಗೆ ಅಗಲ ಕಣ್ಣಿನ ತಂತಿ ಜಾಲರಿ ಹಾಕಿ. ಬಿದ್ದ ಹುಳುಗಳು ಕೆಡದಂತೆ ಲೋಟಕ್ಕೆ ರೇಡಿಯೇಟರ್ ದ್ರವವನ್ನು ಕೆಲವರು ಬಳಸುತ್ತಾರೆ, ಅದನ್ನು ನೆಕ್ಕಿದ ನಾಯಿ, ದನ ಸಾಯುತ್ತವೆ. ಉಪ್ಪುನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಸಾಕು. ಬರೀ ನೋಡಿ ಬಿಡುವುದಾದರೆ ದ್ರವವೇ ಬೇಡ, ತಳಕ್ಕೆ ಸ್ವಲ್ಪ ತರಗೆಲೆ ಹಾಕಿ, ಇಲ್ಲದಿದ್ದರೆ ಬೆಳಗಾಗುವುದರೊಳಗೆ ದೊಡ್ಡದು ಚಿಕ್ಕದನ್ನು ತಿಂದಿರುತ್ತದೆ.

ಕಾನಂಚು
ನಮ್ಮ ಲೋಟದಲ್ಲಿ ಬೆಳಿಗ್ಗೆ ಬರೀ ಕಾಲು, ರೆಕ್ಕೆಗಳು ಬಿದ್ದಿರುತ್ತಿದ್ದುದಕ್ಕೆ ಕಾರಣ ಈಗ ಗೊತ್ತಾಯಿತು. ಪಕ್ಕದವರೊಂದಿಗೆ ಮಾತಾಡಿದೆ. ಎಲೆ ಸುರುಳಿ ಹುಳುವಿನ ಮಾತಿಗೆ ಕಿವಿಗೊಟ್ಟರು, ಬಾಂಬ್ ದುಂಬಿಯ ಮಾತಿಗೆ ನಕ್ಕರು. ನಮ್ಮಿಬ್ಬರಿಗೂ ಸೇರಿದ ನಡುಬದುವಿಗೆ ಈ ವರ್ಷ ಕಳೆನಾಶಕ ಹೊಡೆಯದೆ ಕೊಯ್ಯಲು ಒಪ್ಪಿದ್ದಾರೆ, ಕೊಯ್ಯುವ ಆಳಿನ ಖರ್ಚು ನನ್ನದು ಎಂಬ ಷರತ್ತಿನೊಂದಿಗೆ.

ಗದ್ದೆಬಯಲು ಮಂಡ್ಯ
ಹುಲ್ಲು ಯಾರಿಗೆ ಎಂದು ಈಗಲೇ ಮಾತಾಡಿಕೊಳ್ಳಿ.